ಆರು ತಿಂಗಳು ಯಾಕೆ?

ಕಳೆದ ಸಂಚಿಕೆಯಲ್ಲಿ ಟೈಫಾಯ್ಡ್ ಬಗ್ಗೆ ಬರೆದ ಮೇಲೆ ಪುಣೆಯ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಅಕ್ಕನ ಮಗನಿಗೆ ಶ್ವಾಸಕೋಶದ ಟಿಬಿ. ಎರಡು ತಿಂಗಳ ಔಷಧಿಯಲ್ಲಿ ಕೆಮ್ಮು ನಿಂತಿದೆ, ಜ್ವರ ಬಿಟ್ಟಿದೆ, ತೂಕ ನಾಲ್ಕು ಕಿಲೋ ಹೆಚ್ಚಿದೆ. "ಟೈಫಾಯ್ಡ್ ಆದರೆ ಎರಡು ವಾರದಲ್ಲಿ ಮುಗಿಯುತ್ತದೆ. ಇದಕ್ಕೆ ಮಾತ್ರ ಆರು ತಿಂಗಳು ಯಾಕೆ? ಹುಷಾರಾದ ಮೇಲೂ ಹುಡುಗ ಯಾಕೆ ಮಾತ್ರೆ ನುಂಗಬೇಕು?" ಎಂದು ಕೇಳಿದ್ದಾರೆ. ಕೊನೆಯಲ್ಲಿ, "ದಯವಿಟ್ಟು ನನ್ನ ಹೆಸರು ಹಾಕಬೇಡಿ" ಎಂದೂ ಬರೆದಿದ್ದಾರೆ.

ಟೈಫಾಯ್ಡ್ ಬಗ್ಗೆ ಬಂದ ಹತ್ತಾರು ಪತ್ರಗಳಲ್ಲಿ ಒಬ್ಬರೂ ಹೆಸರು ಹಾಕಬೇಡಿ ಎಂದಿರಲಿಲ್ಲ. ಟಿಬಿಗೆ ಮಾತ್ರ ಈ ಮುಚ್ಚುಮರೆ. ಈ ಸಲದ ಅಂಕಣ ಪೂರ್ತಿ ಆ ಪ್ರಶ್ನೆಗೇ ಮೀಸಲು. ಹೆಸರು ಮುಚ್ಚಿಡುವುದಕ್ಕೂ ಆರು ತಿಂಗಳ ಮಾತ್ರೆಗೂ ಇರುವ ನಂಟನ್ನೂ ಹೇಳಬೇಕಾಗಿದೆ.

ಮೊದಲು ರೋಗಾಣುವಿನ ವಿಷಯ. ಬರ್ಲಿನ್‌ನಲ್ಲಿ 1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಎಂಬ ವೈದ್ಯ, ಕ್ಷಯಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ ಎಂದು ತೋರಿಸಿಕೊಟ್ಟ. ಮಾರ್ಚ್ 24 ವಿಶ್ವ ಕ್ಷಯರೋಗ ದಿನವಾಗಿರುವುದು ಅದಕ್ಕೇ. ಅಲ್ಲಿಯವರೆಗೆ ಇದು ವಂಶದಲ್ಲಿ ಬರುವ ಕಾಯಿಲೆ ಎಂದೇ ಬಹಳ ಮಂದಿ ನಂಬಿದ್ದರು. ನಮ್ಮಲ್ಲಿ ಈಗಲೂ ಹಾಗೆ ನಂಬುವವರಿದ್ದಾರೆ. ಹೆಣ್ಣು ನೋಡಲು ಬಂದವರು "ಮನೆಯಲ್ಲಿ ಯಾರಿಗಾದರೂ ಆ ಕಾಯಿಲೆ ಇತ್ತಾ?" ಎಂದು ದನಿ ತಗ್ಗಿಸಿ ಕೇಳುವುದು ನಿಂತಿಲ್ಲ.

ಈ ರೋಗಾಣುವಿನ ದೊಡ್ಡ ಗುಣ ಅದರ ನಿಧಾನ. ಮುಂಬೈಯ ಲ್ಯಾಬುಗಳಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ನನಗೆ ಮೂವತ್ತು ವರ್ಷವಾಗುತ್ತಾ ಬಂತು. ಮೂತ್ರದ ಸೋಂಕು ಇದೆಯೇ ಎಂದು ನೋಡಲು ಇವತ್ತು ಸಂಜೆ ಪ್ಲೇಟಿಗೆ ಹಾಕಿದರೆ ನಾಳೆ ಬೆಳಿಗ್ಗೆ ಬ್ಯಾಕ್ಟೀರಿಯಾ ಚುಕ್ಕಿ ಚುಕ್ಕಿಯಾಗಿ ಬೆಳೆದಿರುತ್ತದೆ. ಆ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಇ. ಕೋಲೈ, ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತದೆ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಪಾತ್ರೆಯ ಅಂಚಿಗೆ ಬರುವುದೂ ಬ್ಯಾಕ್ಟೀರಿಯಾಗಳ ಇಂಥದೇ ಅವಸರದಿಂದ. ಕ್ಷಯದ ರೋಗಾಣು ಒಂದು ಎರಡಾಗಲು ಸುಮಾರು ಇಪ್ಪತ್ತು ಗಂಟೆ ಬೇಕು. ಅದನ್ನು ಮೊಟ್ಟೆ ಹಾಕಿ ತಯಾರಿಸಿದ ಹಸಿರು ಬಣ್ಣದ ಆಹಾರದ ಮೇಲೆ ಬಿತ್ತಿ, ಮೂರರಿಂದ ಎಂಟು ವಾರ ಕಾಯುತ್ತೇವೆ. ಆಮೇಲೆ ಒಣ ರವೆ ಚೆಲ್ಲಿದ ಹಾಗೆ ಒರಟು ಕಾಳು ಕಾಳು ಕಾಣಿಸುತ್ತದೆ.

ಇನ್ನೊಂದು ಗುಣ ಅದರ ಮೈಮೇಲಿನ ಮೇಣದಂಥ ಕವಚ. ಸಾಮಾನ್ಯ ಬಣ್ಣಗಳು ಅದಕ್ಕೆ ಸರಿಯಾಗಿ ಹತ್ತುವುದಿಲ್ಲ. ಕೆಂಪು ಬಣ್ಣ ಹಾಕಿ ಸ್ಲೈಡನ್ನು ಬಿಸಿ ಮಾಡಬೇಕು. ಒಮ್ಮೆ ಹತ್ತಿದ ಮೇಲೆ ಆಮ್ಲ ಹಾಕಿ ತೊಳೆದರೂ ಬಿಡುವುದಿಲ್ಲ. ಬೇರೆಲ್ಲ ಬಿಳಿಚಿಕೊಂಡು ನೀಲಿ ಬಣ್ಣ ಹಿಡಿಯುತ್ತವೆ, ಇದೊಂದು ಕೆಂಪಾಗಿಯೇ ಉಳಿಯುತ್ತದೆ. ನೀಲಿ ನೆಲದ ಮೇಲೆ ಸಣ್ಣ ಕೆಂಪು ಕಡ್ಡಿ ಕಂಡಿತೆಂದರೆ ಒಂದು ಮನೆಯ ಮುಂದಿನ ಆರು ತಿಂಗಳ ದಿನಚರಿ ಬದಲಾಯಿತು ಎಂದೇ ಅರ್ಥ.

ಈಗ ಮಾತ್ರೆಯ ಲೆಕ್ಕಕ್ಕೆ ಬರೋಣ. ಹೆಚ್ಚಿನ ಆ್ಯಂಟಿಬಯೋಟಿಕ್‌ಗಳು ಚೆನ್ನಾಗಿ ಕೆಲಸ ಮಾಡುವುದು ರೋಗಾಣು ಬೆಳೆಯುತ್ತಿರುವಾಗ. ಕ್ಷಯದ ರೋಗಾಣುಗಳು ಎಲ್ಲವೂ ಒಂದೇ ಸ್ಥಿತಿಯಲ್ಲಿರುವುದಿಲ್ಲ. ಚುರುಕಾಗಿ ಹೆಚ್ಚುತ್ತಿರುವವು ಕೆಲವು. ಆಗೊಮ್ಮೆ ಈಗೊಮ್ಮೆ ಎಚ್ಚರಗೊಂಡು ಮತ್ತೆ ಮಲಗುವವು ಕೆಲವು. ಆಮ್ಲದ ಅಂಶವಿರುವ ಮೂಲೆಗಳಲ್ಲಿ ಅಡಗಿ ಕುಳಿತವು ಇನ್ನು ಕೆಲವು. ಅದಕ್ಕೇ ಒಂದು ಮಾತ್ರೆ ಸಾಲದು. ಐಸೋನಿಯಜಿಡ್ ಚುರುಕಾಗಿರುವವನ್ನು ಬೇಗ ಕೊಲ್ಲುತ್ತದೆ. ರಿಫಾಂಪಿಸಿನ್, ಎಚ್ಚರಗೊಳ್ಳುವವನ್ನು ಕಾದು ಹಿಡಿಯುತ್ತದೆ. ಪೈರಾಜಿನಮೈಡ್ ಆಮ್ಲದ ಮೂಲೆಗೆ ಹೋಗುತ್ತದೆ. ಎಥಾಂಬ್ಯುಟಾಲ್, ಉಳಿದವುಗಳಿಗೆ ಬಗ್ಗದ ರೋಗಾಣು ತಲೆ ಎತ್ತದ ಹಾಗೆ ಕಾವಲು ಕಾಯುತ್ತದೆ. ನಮ್ಮ ದೇಶದಲ್ಲಿ ಸಾಮಾನ್ಯ ಟಿಬಿಗೆ ಮೊದಲ ಎರಡು ತಿಂಗಳು ಈ ನಾಲ್ಕೂ, ಆಮೇಲಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು.

ಚುರುಕಾಗಿರುವ ರೋಗಾಣುಗಳು ಮೊದಲ ಕೆಲವು ವಾರಗಳಲ್ಲೇ ಬಹುಪಾಲು ಸಾಯುತ್ತವೆ. ಕೆಮ್ಮು, ಜ್ವರ ಇಳಿಯುವುದು ಆಗಲೇ. ರೋಗಿಗೆ ಗುಣವಾದ ಹಾಗೆ ಅನಿಸುತ್ತದೆ. ಮಲಗಿರುವವು ಮಾತ್ರ ಅಲ್ಲೇ ಇರುತ್ತವೆ. ಅವು ಒಂದೊಂದಾಗಿ ಏಳುವಾಗ ಮಾತ್ರೆ ಮೈಯಲ್ಲಿರಬೇಕು. ಉಳಿದ ನಾಲ್ಕು ತಿಂಗಳು ನಾವು ನುಂಗುವುದು ಅವುಗಳಿಗಾಗಿ.

ಮಾತ್ರೆ ಮೂರು–ನಾಲ್ಕು ಇರುವುದಕ್ಕೆ ಇನ್ನೊಂದು ಕಾರಣವಿದೆ. ಶ್ವಾಸಕೋಶದಲ್ಲಿ ಆದ ಒಂದು ಗುಳಿಯಲ್ಲಿ ಕೋಟಿಗಟ್ಟಲೆ ರೋಗಾಣುಗಳಿರಬಹುದು. ಅವುಗಳಲ್ಲಿ ಸುಮಾರು ಹತ್ತು ಲಕ್ಷಕ್ಕೆ ಒಂದು, ಯಾವ ಔಷಧಿಯನ್ನೂ ಕಾಣದೆಯೇ, ಆಕಸ್ಮಿಕವಾಗಿ ಐಸೋನಿಯಜಿಡ್‌ಗೆ ಬಗ್ಗದಂಥದು ಹುಟ್ಟಿರುತ್ತದೆ. ರಿಫಾಂಪಿಸಿನ್‌ಗೆ ಬಗ್ಗದಂಥದು ಹತ್ತು ಕೋಟಿಗೆ ಒಂದರ ಹಾಗೆ. ಒಂದೇ ಔಷಧಿ ಕೊಟ್ಟರೆ ಅದಕ್ಕೆ ಬಗ್ಗದ ಆ ನಾಲ್ಕಾರು ಉಳಿದು, ಅವುಗಳದೇ ಸಂಸಾರ ಬೆಳೆಯುತ್ತದೆ. ಎರಡಕ್ಕೂ ಬಗ್ಗದಂಥದು ಒಂದೇ ಮೈಯಲ್ಲಿ ತಾನಾಗಿ ಹುಟ್ಟುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದಾಗ ಕ್ಷಯಕ್ಕೆ ಮದ್ದು ಸಿಕ್ಕಿತೆಂದು ಜಗತ್ತೇ ಸಂಭ್ರಮಿಸಿತ್ತು. ಅದೊಂದನ್ನೇ ಕೊಟ್ಟಾಗ ಮೊದಲು ಚೇತರಿಸಿಕೊಂಡ ಎಷ್ಟೋ ಜನರಲ್ಲಿ ಕೆಲವು ತಿಂಗಳಲ್ಲೇ ಆ ಮದ್ದಿಗೆ ಬಗ್ಗದ ರೋಗಾಣು ತುಂಬಿಕೊಂಡಿತು. ಜೊತೆಯಾಗಿ ಕೊಡಬೇಕು, ಬಹಳ ದಿನ ಕೊಡಬೇಕು ಎಂಬ ಪಾಠ ಕಲಿತದ್ದು ಹಾಗೆ.

ನಮ್ಮ ಹಳಬರಿಗೆ ಈ ರೋಗದ ನಿಧಾನ ಗೊತ್ತಿತ್ತು. ಆಯುರ್ವೇದದಲ್ಲಿ ಇದಕ್ಕೆ ರಾಜಯಕ್ಷ್ಮ ಎಂದು ಹೆಸರು. ಹಲವು ಹೆಂಡಿರಲ್ಲಿ ರೋಹಿಣಿಯೊಬ್ಬಳನ್ನೇ ಹಚ್ಚಿಕೊಂಡ ಚಂದ್ರನಿಗೆ ಮಾವ ದಕ್ಷನ ಕೋಪದಿಂದ ಬಂದ ರೋಗ ಇದು ಎಂಬ ಕಥೆ ಚರಕ ಸಂಹಿತೆಯಲ್ಲೂ ಬರುತ್ತದೆ. ದಿನಕ್ಕಿಷ್ಟು ಕರಗುವುದೇ ಕ್ಷಯ. ಬಂತೆಂದರೆ ರಾಜ ರಂಕ ಎಂಬ ಭೇದವಿಲ್ಲ. ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ಎಂದು ನಾವು ಕರೆಯುವ ಆಸ್ಪತ್ರೆಯ ಪೂರ್ಣ ಹೆಸರಿನಲ್ಲಿರುವ ಕೃಷ್ಣಾಜಮ್ಮಣ್ಣಿ, ಇದೇ ರೋಗಕ್ಕೆ ಬಲಿಯಾದ ಮೈಸೂರು ಅರಮನೆಯ ರಾಜಕುಮಾರಿ.

ಔಷಧಿ ಇಲ್ಲದ ಆ ಕಾಲದಲ್ಲಿ ರೋಗಿಯನ್ನು ಊರಾಚೆ, ಗಾಳಿ ಬೆಳಕಿರುವ ಕಡೆ ಮಲಗಿಸಿ, ಹಾಲು ಮೊಟ್ಟೆ ಕೊಟ್ಟು ಕಾಯುವುದೇ ಚಿಕಿತ್ಸೆ. ಔಷಧಿ ಬಂದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಅದನ್ನು ಬದಲಿಸಿದ್ದು ಮದ್ರಾಸಿನಲ್ಲಿ ನಡೆದ ಒಂದು ಅಧ್ಯಯನ. 1956ರಲ್ಲಿ ಅಲ್ಲಿ ಒಂದು ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಶುರುವಾಯಿತು. ಚೇತ್‌ಪೇಟೆಯಲ್ಲಿ ಇವತ್ತಿಗೂ ಇದೆ, ಚೆನ್ನೈ ಓದುಗರು ಬೋರ್ಡು ನೋಡಿರಬಹುದು. ನಗರದ ಬಡ ರೋಗಿಗಳಲ್ಲಿ ಚೀಟಿ ಎತ್ತಿದ ಹಾಗೆ ಕೆಲವರನ್ನು ಸ್ಯಾನಟೋರಿಯಂಗೂ ಕೆಲವರನ್ನು ಅವರವರ ಮನೆಗೂ ಕಳಿಸಿ, ಇಬ್ಬರಿಗೂ ಒಂದೇ ಔಷಧಿಯನ್ನು ಒಂದು ವರ್ಷ ಕೊಟ್ಟರು. ಸ್ಯಾನಟೋರಿಯಂನಲ್ಲಿದ್ದವರಿಗೆ ಒಳ್ಳೆಯ ಊಟ, ಪೂರ್ತಿ ವಿಶ್ರಾಂತಿ. ಮನೆಯಲ್ಲಿದ್ದವರಿಗೆ ಕಿಷ್ಕಿಂಧೆಯಂಥ ಕೋಣೆ, ಕಡಿಮೆ ಊಟ, ದುಡಿಮೆ. 1959ರಲ್ಲಿ ಫಲಿತಾಂಶ ಹೊರಬಂದಾಗ ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಇನ್ನೂ ಮುಖ್ಯವಾದದ್ದೆಂದರೆ, ಮನೆಯಲ್ಲಿಟ್ಟುಕೊಂಡು ನೋಡಿಕೊಂಡ ಕುಟುಂಬದವರಿಗೆ, ಸ್ಯಾನಟೋರಿಯಂಗೆ ಕಳಿಸಿದವರ ಕುಟುಂಬಕ್ಕಿಂತ ಹೆಚ್ಚಾಗಿ ರೋಗ ಹತ್ತಲಿಲ್ಲ. ಹತ್ತುವುದಿದ್ದರೆ ಅದು ರೋಗ ಪತ್ತೆಯಾಗುವ ಮೊದಲಿನ ತಿಂಗಳುಗಳಲ್ಲೇ ಹತ್ತಿರುತ್ತದೆ. ಸರಿಯಾದ ಔಷಧಿ ಶುರುವಾದ ಮೇಲೆ ಹರಡುವ ಶಕ್ತಿ ಬೇಗ ಇಳಿಯುತ್ತದೆ.

ಜಗತ್ತಿನ ಚಿಕಿತ್ಸೆಯ ಕ್ರಮವನ್ನೇ ಈ ಅಧ್ಯಯನ ಬದಲಿಸಿತು. ಆದರೂ ನಮ್ಮ ಮನೆಗಳಲ್ಲಿ ತಟ್ಟೆ ಲೋಟ ಬೇರೆ ಇಡುವುದು ನಿಂತಿಲ್ಲ. ಟಿಬಿ ಹರಡುವುದು ಗಾಳಿಯಲ್ಲಿ. ರೋಗಿ ಕೆಮ್ಮಿದಾಗ ಹೊರಬಂದ ಸೂಕ್ಷ್ಮ ಹನಿಗಳು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ತಟ್ಟೆ, ಬಟ್ಟೆ, ಹಸ್ತಲಾಘವದಿಂದ ಬರುವುದಿಲ್ಲ. ತಟ್ಟೆ ಬೇರೆ ಮಾಡಿ ಕಿಟಕಿ ಮುಚ್ಚಿಡುವ ಮನೆಗಳನ್ನು ನಾನು ಎಷ್ಟೋ ನೋಡಿದ್ದೇನೆ. ತಟ್ಟೆ ಒಂದೇ ಇರಲಿ, ಕಿಟಕಿ ತೆರೆಯಿರಿ. ಮೊದಲ ಕೆಲವು ವಾರ ರೋಗಿ ಮಾಸ್ಕ್ ಹಾಕಿಕೊಳ್ಳಲಿ.

ಈ ಮುಚ್ಚುಮರೆಗೆ ಎಂಥ ಬೆಲೆ ತೆರಬೇಕಾಗುತ್ತದೆ ಎನ್ನುವುದಕ್ಕೆ ನಾನೇ ಕಂಡ ಒಂದು ಉದಾಹರಣೆ ಕೊಡುತ್ತೇನೆ. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಕುಂದಾಪುರ ಕಡೆಯ ಹುಡುಗ, ಉಪನಗರದ ಒಂದು ಹೋಟೆಲಿನಲ್ಲಿ ಕೆಲಸ. ಒಂದು ಖೋಲಿಯಲ್ಲಿ ಒಂಬತ್ತು ಜನ. ಕಫ ಕೊಡಲು ಬಂದವನು ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ, "ಅಕ್ಕ, ನೀವು ಯಾವ ಊರು?" ಎಂದು ಮಾತಿಗೆ ನಿಂತ. ಟಿಬಿ ಎಂದು ಗೊತ್ತಾಯಿತು, ಔಷಧಿ ಶುರುವಾಯಿತು. ಎರಡು ತಿಂಗಳಾಗುವಷ್ಟರಲ್ಲಿ ಹೋಟೆಲಿನಲ್ಲಿ ಸುದ್ದಿ ಹಬ್ಬಿತು. "ಊರಿಗೆ ಹೋಗಿ ಪೂರ್ತಿ ಹುಷಾರಾಗಿ ಬಾ ಮಾರಾಯ" ಎಂದು ಮ್ಯಾನೇಜರ್ ಸಂಬಳ ಲೆಕ್ಕ ಮಾಡಿ ಕೈಗೆ ಕೊಟ್ಟರು. ಅವರ ಮಾತಿನಲ್ಲಿ ಕೆಡುಕು ಇರಲಿಲ್ಲ, ಹೆದರಿಕೆ ಇತ್ತು.

ಊರಿನಲ್ಲಿ ಅವನ ತಂಗಿಯ ಮದುವೆಯ ಮಾತುಕತೆ ನಡೆದಿತ್ತು. ಸರಕಾರಿ ಆಸ್ಪತ್ರೆಗೆ ಹೋಗಿ ಟಿಬಿ ಮಾತ್ರೆ ಕೇಳಿದರೆ ಸಂಜೆಯೊಳಗೆ ಊರಿಗೇ ಗೊತ್ತಾಗುತ್ತದೆ. ಹೇಗೂ ಕೆಮ್ಮು ಇರಲಿಲ್ಲ, ಮೈ ತುಂಬಿಕೊಂಡಿತ್ತು. ಮಾತ್ರೆ ನಿಲ್ಲಿಸಿದ. ಒಂದು ವರ್ಷ ಕಳೆದ ಮೇಲೆ ಮತ್ತೆ ನಮ್ಮ ಲ್ಯಾಬಿನ ಬಾಗಿಲಿಗೆ ಬಂದಾಗ ಗುರುತು ಸಿಗದಷ್ಟು ಸೊರಗಿದ್ದ. ಈ ಸಲ ರೋಗಾಣು ಐಸೋನಿಯಜಿಡ್‌ಗೂ ಬಗ್ಗಲಿಲ್ಲ, ರಿಫಾಂಪಿಸಿನ್‌ಗೂ ಬಗ್ಗಲಿಲ್ಲ. ಆಗಿನ ಕ್ರಮದಂತೆ ಎರಡು ವರ್ಷದ ಚಿಕಿತ್ಸೆ, ಅದರಲ್ಲಿ ತಿಂಗಳುಗಟ್ಟಲೆ ದಿನವೂ ಇಂಜೆಕ್ಷನ್. ಛಲದಿಂದ ಮುಗಿಸಿದ, ಗುಣವೂ ಆದ. ಆದರೆ ಆ ಇಂಜೆಕ್ಷನ್ನಿನಿಂದ ಕಿವಿ ಮಂದವಾಯಿತು. ಇಪ್ಪತ್ತಾರು ವರ್ಷದ ಹುಡುಗ ಗಲ್ಲೆಯಲ್ಲಿ ಕುಳಿತರೆ ಗಿರಾಕಿ ಎರಡು ಸಲ ಕೂಗಿ ಹೇಳಬೇಕು. ತಂಗಿಯ ಮದುವೆ ಚೆನ್ನಾಗಿಯೇ ಆಯಿತು.

ಔಷಧಿಗೆ ಬಗ್ಗದ ಟಿಬಿಗೆ ಈಗ ಇಂಜೆಕ್ಷನ್ ಇಲ್ಲದ ಚಿಕಿತ್ಸೆ ಬಂದಿದೆ. ಬೆಡಾಕ್ವಿಲಿನ್ ಜೊತೆ ಇನ್ನು ಮೂರು ಮಾತ್ರೆ ಸೇರಿಸಿದ ಆರು ತಿಂಗಳ ಕ್ರಮವನ್ನು 2024ರಲ್ಲಿ ನಮ್ಮ ಸರಕಾರವೂ ಒಪ್ಪಿದೆ. ಹಾಗೆಂದು ಅದೇನೂ ಸುಲಭದ ಮಾತಲ್ಲ. ಮೊದಲ ಆರು ತಿಂಗಳನ್ನೇ ಮುಗಿಸುವುದು ಎಲ್ಲಕ್ಕಿಂತ ಹಗುರ.

ತಡವಾಗುವುದು ರೋಗಿಯಿಂದ ಮಾತ್ರವಲ್ಲ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್, ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಒಂದು ವರದಿ ಪ್ರಕಟಿಸಿದರು. ಹಳ್ಳಿಯವರಿಗೆ ತಿಳುವಳಿಕೆ ಇಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ನಂಬಿಕೆ. ಅವರು ಕಂಡದ್ದೇ ಬೇರೆ. ಬಹುಪಾಲು ರೋಗಿಗಳಿಗೆ ತಮಗೇನೋ ಆಗಿದೆ ಎಂಬುದು ಗೊತ್ತಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಅವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ.

ಅರವತ್ತು ವರ್ಷದ ಮೇಲೆ, ಮಹಾನಗರದಲ್ಲಿರುವ ನಾವು ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಮೊದಲು ಮೆಡಿಕಲ್ ಅಂಗಡಿಯ ಸಿರಪ್. ಆಮೇಲೆ "ಪೊಲ್ಯೂಶನ್ ಅಲ್ಲವಾ" ಎಂಬ ಸಮಾಧಾನ. ಆಮೇಲೆ ಚೀಟಿಯಿಲ್ಲದೆ ಐದು ದಿನದ ಲಿವೊಫ್ಲಾಕ್ಸಸಿನ್. ಆ ಕೊನೆಯದು ಹೆಚ್ಚು ಅಪಾಯ. ಆ ಗುಂಪಿನ ಔಷಧಿ ಕ್ಷಯದ ರೋಗಾಣುವನ್ನೂ ಸ್ವಲ್ಪ ದಿನ ತಗ್ಗಿಸುತ್ತದೆ, ಕೆಮ್ಮು ಕಡಿಮೆಯಾದ ಹಾಗೆ ತೋರುತ್ತದೆ, ಪತ್ತೆಯಾಗುವುದು ಇನ್ನಷ್ಟು ತಡವಾಗುತ್ತದೆ.

ಎರಡು ವಾರ ದಾಟಿದ ಕೆಮ್ಮು, ಸಂಜೆಯ ಹೊತ್ತಿಗೆ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ಇಳಿಯುವ ತೂಕ, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದಿದ್ದರೂ "ಕಫ ಪರೀಕ್ಷೆ ಮಾಡಿಸಲಾ?" ಎಂದು ನೀವೇ ವೈದ್ಯರನ್ನು ಕೇಳಿ. ಈಗ ಎಂಟು ವಾರ ಕಾಯಬೇಕಾಗಿಲ್ಲ. ಸಿಬಿನ್ಯಾಟ್ ಪರೀಕ್ಷೆ ಸುಮಾರು ಎರಡು ಗಂಟೆಯಲ್ಲಿ ಟಿಬಿ ಇದೆಯೇ, ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎರಡನ್ನೂ ಹೇಳುತ್ತದೆ. ಅದೇ ಕೆಲಸ ಮಾಡುವ, ಬ್ಯಾಟರಿಯಲ್ಲಿ ನಡೆಯುವ ಸಣ್ಣ ಯಂತ್ರ ಟ್ರೂನ್ಯಾಟ್ ಗೋವಾ ಮತ್ತು ಬೆಂಗಳೂರಿನ ಸಂಶೋಧಕರ ಕೊಡುಗೆ. ಸರಕಾರಿ ಕೇಂದ್ರಗಳಲ್ಲಿ ಇದು ಉಚಿತ. ಟಿಬಿ ಶ್ವಾಸಕೋಶಕ್ಕೆ ಮಾತ್ರ ಬರುವುದೆಂದು ತಿಳಿಯಬೇಡಿ. ಕುತ್ತಿಗೆಯ ಗಂಟು, ಬೆನ್ನುಮೂಳೆ, ಹೊಟ್ಟೆ, ಗರ್ಭಕೋಶ, ಎಲ್ಲಿ ಬೇಕಾದರೂ ಕೂರಬಹುದು. ಅವು ಸಾಮಾನ್ಯವಾಗಿ ಇನ್ನೊಬ್ಬರಿಗೆ ಹರಡುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ 1 ಕೋಟಿ 8 ಲಕ್ಷ ಜನರಿಗೆ ಟಿಬಿ ಬಂತು, 12.5 ಲಕ್ಷ ಜನ ಸತ್ತರು. ರೋಗಿಗಳಲ್ಲಿ ನೂರಕ್ಕೆ 26 ಮಂದಿ ನಮ್ಮ ದೇಶದವರು. ಜಗತ್ತಿನ ಸುಮಾರು ಕಾಲು ಭಾಗ ಜನರ ಮೈಯಲ್ಲಿ ಈ ರೋಗಾಣು ಯಾವಾಗಲೋ ಹೊಕ್ಕಿದೆ. ಅವರಲ್ಲಿ ಜೀವಮಾನದಲ್ಲಿ ರೋಗ ಕಾಣಿಸಿಕೊಳ್ಳುವುದು ನೂರಕ್ಕೆ ಐದರಿಂದ ಹತ್ತು ಮಂದಿಗೆ. ಸಕ್ಕರೆ ಕಾಯಿಲೆ, ಎಚ್‌ಐವಿ, ಬೀಡಿ ಸಿಗರೇಟು, ಕುಡಿತ ಇವೆಲ್ಲ ಮಲಗಿದ್ದನ್ನು ಎಬ್ಬಿಸುತ್ತವೆ. ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಎಬ್ಬಿಸುವುದು ಅರೆಹೊಟ್ಟೆ.

ಇದಕ್ಕೆ ಸಾಕ್ಷಿ ಒದಗಿಸಿದವರು ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಜಾರ್ಖಂಡಿನಲ್ಲಿ 2,800 ರೋಗಿಗಳ ಹತ್ತು ಸಾವಿರಕ್ಕೂ ಹೆಚ್ಚು ಮನೆಮಂದಿಯ ಮೇಲೆ ಅವರ ತಂಡ ಮಾಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಗಳೆಲ್ಲರಿಗೂ ಆಹಾರದ ಬುಟ್ಟಿ ಕೊಟ್ಟರು. ಅರ್ಧದಷ್ಟು ಕುಟುಂಬಗಳಲ್ಲಿ ಉಳಿದವರಿಗೂ ತಲೆಗೆ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಅಕ್ಕಿ ಬೇಳೆ ಮಾಡಿದ ಕೆಲಸ ಇದು. ಸರಕಾರ ರೋಗಿಯ ಊಟಕ್ಕೆಂದು ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರಿನಿಂದ 1,000 ಮಾಡಿದೆ. ಖಾಸಗಿ ವೈದ್ಯರಲ್ಲಿ ಚಿಕಿತ್ಸೆ ಪಡೆಯುವವರಿಗೂ ಅದು ಸಲ್ಲುತ್ತದೆ.

ಹೊರನಾಡಿನ ನಮಗೆ ಮುಖ್ಯವಾದ ಮಾತು ಇನ್ನೊಂದಿದೆ. ಹಬ್ಬ, ಮದುವೆ, ಬೇಸಿಗೆ ರಜೆ ಎಂದು ಊರಿಗೆ ಹೋದಾಗಲೇ ಹೆಚ್ಚಾಗಿ ಮಾತ್ರೆ ತಪ್ಪುವುದು. ಚಿಕಿತ್ಸೆ ಶುರುವಾದಾಗ ನಿಕ್ಷಯ್ ಎಂಬ ಸರಕಾರಿ ವ್ಯವಸ್ಥೆಯಲ್ಲಿ ಪ್ರತಿ ರೋಗಿಗೂ ಒಂದು ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆಯ ಮೇಲೆ ಚಿಕಿತ್ಸೆಯನ್ನು ಮುಂಬೈಯಿಂದ ಕುಂದಾಪುರಕ್ಕೋ ಹೈದರಾಬಾದಿನಿಂದ ಕಲಬುರಗಿಗೋ ವರ್ಗಾಯಿಸಿಕೊಳ್ಳಬಹುದು. ಮಾತ್ರೆ ಅಲ್ಲೇ ಸಿಗುತ್ತದೆ. ಸ್ವಲ್ಪ ದಿನಕ್ಕಾದರೆ ಹೊರಡುವ ಮೊದಲೇ ಹೇಳಿ ಅಷ್ಟು ದಿನದ ಮಾತ್ರೆ ತೆಗೆದುಕೊಳ್ಳಿ. ಉಚಿತ ಸಹಾಯವಾಣಿ 1800-11-6666. ಮನೆಯವರೆಲ್ಲ, ಜೊತೆಗೆ ಮಲಗುವ ಖೋಲಿಯವರೆಲ್ಲ ಒಮ್ಮೆ ತೋರಿಸಿಕೊಳ್ಳಿ. ರೋಗ ಬಾರದ ಹಾಗೆ ಮುಂಚಿತವಾಗಿ ಕೊಡುವ ಮಾತ್ರೆಯೂ ಇದೆ. ರಿಫಾಂಪಿಸಿನ್ ನುಂಗಿದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ಹೆದರಬೇಡಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಕೂಡಲೇ ವೈದ್ಯರನ್ನು ಕಾಣಿ. ನೀವಾಗಿ ನಿಲ್ಲಿಸಿ ಮನೆಯಲ್ಲಿ ಕೂರಬೇಡಿ.

ಇನ್ನು ಹೋಟೆಲು, ಅಂಗಡಿ, ಸಂಘ ಸಂಸ್ಥೆ ನಡೆಸುವ ನಮ್ಮವರಿಗೆ ಒಂದು ಮಾತು. ನಿಮ್ಮಲ್ಲಿ ಕೆಲಸ ಮಾಡುವ ಹುಡುಗನಿಗೆ ಟಿಬಿ ಎಂದು ತಿಳಿದರೆ ಊರಿನ ಬಸ್ಸು ಹತ್ತಿಸಬೇಡಿ. ವೈದ್ಯರು ಹೇಳಿದಷ್ಟು ದಿನ ರಜೆ ಕೊಡಿ, ಆ ದಿನಗಳಲ್ಲಿ ಗಾಳಿ ಆಡುವ ಕಡೆ ಮಲಗಲು ಜಾಗ, ಎರಡು ಹೊತ್ತಿನ ಊಟದ ಜೊತೆ ಹಾಲು ಮೊಟ್ಟೆ ಕೊಡಿ. ಆಮೇಲೆ ಕೆಲಸಕ್ಕೆ ಕರೆಯಿರಿ. ದಿನಾ ಬೆಳಿಗ್ಗೆ "ಮಾತ್ರೆ ಆಯ್ತೇನೋ?" ಎಂದು ಎಲ್ಲರ ಎದುರಿಗೇ, ಸಕ್ಕರೆ ಕಾಯಿಲೆಯವರನ್ನು ಕೇಳುವಷ್ಟೇ ಸಹಜವಾಗಿ ಕೇಳಿ. ಆರು ತಿಂಗಳೆಂದರೆ ನೂರ ಎಂಬತ್ತು ಬೆಳಗು. ಜೊತೆಗೆ ಒಬ್ಬರಿದ್ದರೆ ಅಷ್ಟನ್ನು ಯಾರೂ ಮುಗಿಸುತ್ತಾರೆ.